ಎರಡು ಲೈನ್ ಇದ್ದರೂ ಹೊರಗಿನವರಿಗೆ ಸರ್ವರ್ ಸಿಗದಿದ್ದರೆ: ಇನ್‌ಬೌಂಡ್ ಲೋಡ್ ಬ್ಯಾಲೆನ್ಸಿಂಗ್ ದೋಷ ಹುಡುಕುವ ಬಗೆ

ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಇದೆ ಅಂದುಕೊಳ್ಳಿ. ಆಫೀಸಿನ ಮೂಲೆಯಲ್ಲಿ ಒಂದು ಸರ್ವರ್. ಮೂಡಿಗೆರೆ, ಆಲ್ದೂರು, ಕೊಪ್ಪದ ಕಡೆಯ ಬೆಳೆಗಾರರು ತಮ್ಮ ಪಾರ್ಚ್‌ಮೆಂಟ್, ಚೆರಿ ಕಾಫಿ ಎಷ್ಟು ತೂಗಿತು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಕ್ಕ ಬೀಜದ ಪ್ರಮಾಣ) ಎಷ್ಟು ಬಂತು ಅಂತ ಮನೆಯಿಂದಲೇ ಅದರಲ್ಲಿ ನೋಡುತ್ತಾರೆ. ಮಳೆಗಾಲದಲ್ಲಿ ಒಂದೇ ಲೈನ್ ನೆಚ್ಚಿಕೊಂಡರೆ ಆಗದು ಅಂತ ಎರಡು ಕಂಪನಿಯ ಫೈಬರ್ ಹಾಕಿಸಿದ್ದಾರೆ. ರೂಟರ್‌ನಲ್ಲಿ ‘ಲೋಡ್ ಬ್ಯಾಲೆನ್ಸ್’ ಅನ್ನೋ ಟಿಕ್ ಕೂಡ ಹಾಕಿದ್ದಾರೆ. ಆದರೂ ಹೊರಗಿನವರೆಲ್ಲ ಒಂದೇ ಲೈನಿಗೆ ಬರುತ್ತಾರೆ. ಅದು ಬಿದ್ದರೆ ಯಾರಿಗೂ ಏನೂ ಸಿಗುವುದಿಲ್ಲ.

ಆ ಟಿಕ್ ಬಹುತೇಕ ರೂಟರ್‌ಗಳಲ್ಲಿ ಒಳಗಿನಿಂದ ಹೊರಗೆ ಹೋಗುವ ಟ್ರಾಫಿಕ್‌ಗೆ ಮಾತ್ರ. ಹೊರಗಿನವರು ಯಾವ ಲೈನಿನಲ್ಲಿ ಬರಬೇಕು ಅನ್ನೋದು ಪ್ಯಾಕೆಟ್ (ಡೇಟಾದ ಒಂದೊಂದು ತುಂಡು) ನಿಮ್ಮ ರೂಟರ್ ಮುಟ್ಟುವ ಮೊದಲೇ ತೀರ್ಮಾನ ಆಗಿರುತ್ತದೆ. ತೀರ್ಮಾನಿಸುವುದು ಡಿಎನ್‌ಎಸ್. ಅದು ಇಂಟರ್‌ನೆಟ್ಟಿನ ಫೋನ್ ಡೈರೆಕ್ಟರಿ ಇದ್ದ ಹಾಗೆ: ನಿಮ್ಮ ಸರ್ವರ್‌ನ ಹೆಸರಿಗೆ ಅದು ಯಾವ ಐಪಿ (ಸಂಖ್ಯೆಯ ವಿಳಾಸ) ಹೇಳುತ್ತದೋ ಅಲ್ಲಿಗೆ ಜನ ಬರುತ್ತಾರೆ. ದೊಡ್ಡ ಸಂಸ್ಥೆಗಳು ಕನಿಷ್ಠ 256 ಐಪಿಗಳ ಸ್ವಂತ ಬ್ಲಾಕ್ ಇಟ್ಟುಕೊಂಡು ಬಿಜಿಪಿ (ತಮ್ಮ ಐಪಿಗಳಿಗೆ ದಾರಿ ಯಾವುದು ಅಂತ ಇಂಟರ್‌ನೆಟ್‌ಗೆ ಸಾರುವ ವಿಧಾನ) ಓಡಿಸುತ್ತವೆ. ನಮ್ಮಂಥ ಆಫೀಸುಗಳಿಗೆ ಅದು ದೂರದ ಮಾತು, ಇಲ್ಲಿ ಬಿಟ್ಟಿದ್ದೇನೆ.

ರೂಟರ್‌ನ ಪಾಲಿಗೆ ಉಳಿಯುವ ಕೆಲಸ ಇಷ್ಟು: ಎರಡೂ ಲೈನಿನಿಂದ ಬಂದವರನ್ನು ಸರ್ವರ್‌ಗೆ ತಲುಪಿಸಬೇಕು, ಉತ್ತರವನ್ನು ಅವರು ಬಂದ ಲೈನಿನಲ್ಲೇ ವಾಪಸ್ ಕಳಿಸಬೇಕು, ಸತ್ತ ಲೈನಿನ ಐಪಿಯನ್ನು ಡಿಎನ್‌ಎಸ್‌ ಉತ್ತರದಿಂದ ತೆಗೆಯಬೇಕು. ಪೆಪ್‌ಲಿಂಕ್‌ನ ಕೆಲವು ಮಾದರಿಗಳಲ್ಲಿ ಡಿಎನ್‌ಎಸ್ ಸರ್ವರ್ ಒಳಗೇ ಇರುತ್ತದೆ. ಮೈಕ್ರೋಟಿಕ್ ರೂಟರ್, ಪಿಎಫ್‌ಸೆನ್ಸ್ ಅನ್ನೋ ಫೈರ್‌ವಾಲ್ ಸಾಫ್ಟ್‌ವೇರ್‌ನಲ್ಲಿ ಒಂದೊಂದನ್ನೂ ನಾವೇ ಜೋಡಿಸಬೇಕು.

ಕೈ ಹಾಕುವ ಮುಂಚೆ

ರೂಟರ್‌ನ ಕಾನ್ಫಿಗರೇಶನ್ ಬ್ಯಾಕಪ್ ತೆಗೆದು ಕಂಪ್ಯೂಟರ್‌ನಲ್ಲಿ ಇಡಿ. ಎರಡೂ ಲೈನಿನ ಐಪಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇಲ್ಲಿ ಉದಾಹರಣೆಗೆ ವ್ಯಾನ್-1ಕ್ಕೆ (ಮೊದಲ ಕಂಪನಿಯ ಲೈನ್) 203.0.113.10, ವ್ಯಾನ್-2ಕ್ಕೆ (ಎರಡನೆಯದು) 198.51.100.20 ಅಂತ ಇಟ್ಟುಕೊಳ್ಳೋಣ. ಪರೀಕ್ಷೆಯನ್ನು ಹೊರಗಿನಿಂದಲೇ ಮಾಡಬೇಕು. ಮೊಬೈಲಿನ ವೈಫೈ ಆಫ್ ಮಾಡಿ ಡೇಟಾದಲ್ಲಿ ನೋಡಿದರೆ ಸಾಕು. ಆಫೀಸ್ ವೈಫೈಯಲ್ಲಿ ಕೂತು ಮಾಡಿದ ಪರೀಕ್ಷೆ ದಾರಿ ತಪ್ಪಿಸುತ್ತದೆ, ಯಾಕೆ ಅನ್ನೋದು ಮುಂದೆ ಬರುತ್ತದೆ.

ಬೆಂಗಳೂರಿನಲ್ಲಿ ಕೂತು ಚಿಕ್ಕಮಗಳೂರಿನ ರೂಟರ್ ಸರಿ ಮಾಡುವವರಿಗೆ ಒಂದು ಮಾತು. ರೂಟಿಂಗ್ ಬದಲಿಸುವಾಗ ಅಲ್ಲಿ ಒಬ್ಬರು ರೂಟರ್ ಹತ್ತಿರ ಇರಲಿ. ಮೈಕ್ರೋಟಿಕ್ ಆದರೆ ‘ಸೇಫ್ ಮೋಡ್’ ಒತ್ತಿಯೇ ಶುರು ಮಾಡಿ. ಸಂಪರ್ಕ ಕಡಿದರೆ ಆ ಹೊತ್ತಿನಲ್ಲಿ ಮಾಡಿದ ಬದಲಾವಣೆ ತಾನಾಗಿ ರದ್ದಾಗುತ್ತದೆ.

‘ಒಂದು ಲೈನ್ ಬದುಕೇ ಇಲ್ಲ’

ಮೊದಲು ದೀಪ ನೋಡಿ. ಫೈಬರ್ ಮೋಡೆಮ್ ಮೇಲೆ ‘ಲಾಸ್’ (LOS) ಅನ್ನೋ ದೀಪ ಕೆಂಪಾಗಿದ್ದರೆ ಬೆಳಕು ನಿಮ್ಮವರೆಗೆ ಬರುತ್ತಿಲ್ಲ. ರೂಟರ್ ಸೆಟ್ಟಿಂಗ್ ಮುಟ್ಟಿ ಏನೂ ಪ್ರಯೋಜನ ಇಲ್ಲ, ಕಂಪನಿಗೆ ಫೋನ್ ಮಾಡಿ. ದೀಪ ಹಸಿರಾಗಿದ್ದೂ ಲೈನ್ ಆಗಾಗ ಬಿದ್ದು ಏಳುತ್ತಿದ್ದರೆ ಮೋಡೆಮ್ ಪುಟದಲ್ಲಿ ರಿಸೀವ್ ಪವರ್ ನೋಡಿ. ಸಾಮಾನ್ಯ ಜಿಪಾನ್ ಮೋಡೆಮ್‌ಗೆ ಮೈನಸ್ 8ರಿಂದ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗೆ ಇರಬೇಕು. ಮೈನಸ್ 26, 27ರ ಅಂಚಿನಲ್ಲಿದ್ದರೆ ಎಲ್ಲೋ ಕೇಬಲ್ ಮಡಿಚಿದೆ, ಇಲ್ಲವೇ ಜಾಯಿಂಟ್‌ಗೆ ನೀರು ಹೊಕ್ಕಿದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಎರಡನೆಯದೇ ಜಾಸ್ತಿ.

ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ‘ಬೆಳಕು ಬರ್ತಿದೆಯಾ’ ಅಂತ ನೋಡಬೇಡಿ. ಅದು 1490 ನ್ಯಾನೋಮೀಟರ್‌ನ ಇನ್‌ಫ್ರಾರೆಡ್. ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕಣ್ಣಿಗೆ ಕೆಡುಕು. ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದಾಗ ಯಾವ ಕೇಬಲ್ಲನ್ನೂ ಮುಟ್ಟಲು ಹೋಗಬೇಡಿ. ಪವರ್ ತೆಗೆಯುವುದಿದ್ದರೆ ಮೋಡ ಕವಿಯುವಾಗಲೇ ತೆಗೆಯಿರಿ. ಆಫೀಸಿನಿಂದ ಕಣ ದಾಟಿ ಗೋಡೌನಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಸಿಡಿಲಿನ ಕರೆಂಟ್ ಅದರ ಮೂಲಕ ರೂಟರ್ ಪೋರ್ಟ್ ಸುಡಬಹುದು. ಅಷ್ಟು ದೂರಕ್ಕೆ ಒಳಗಡೆಯೂ ಫೈಬರ್ ಹಾಕಿಸುವುದು ವಾಸಿ. ಒಂದು ವ್ಯಾನ್ ಪೋರ್ಟ್ ದೀಪವೇ ಹತ್ತದಿದ್ದರೆ ಕೇಬಲ್ ಬದಲಿಸಿ ನೋಡಿ. ಆಮೇಲೂ ಹತ್ತದಿದ್ದರೆ ಪೋರ್ಟ್ ಹೋಗಿದೆ.

‘ವ್ಯಾನ್-2 ಚಾಲೂ ಇದೆ, ಹೊರಗಿಂದ ಮಾತ್ರ ಯಾರೂ ಬರಕ್ಕಾಗ್ತಿಲ್ಲ’

ಒಳಗಿನವರಿಗೆ ಇಂಟರ್‌ನೆಟ್ ಚೆನ್ನಾಗಿ ಸಿಗುತ್ತದೆ. ಹೊರಗಿನಿಂದ 198.51.100.20 ಹೊಡೆದರೆ ಸುಮ್ನೆ ಕಾಯಿಸಿ ಕೈ ಬಿಡುತ್ತದೆ. ಬಹಳಷ್ಟು ಸಲ ರೋಗ ಇರುವುದು ಐಪಿಯಲ್ಲೇ.

ವ್ಯಾನ್-1ರ ಕೇಬಲ್ ಸ್ವಲ್ಪ ಹೊತ್ತು ತೆಗೆಯಿರಿ. ‘ನನ್ನ ಐಪಿ ಏನು’ ಅಂತ ತೋರಿಸುವ ಯಾವುದಾದರೂ ಸೈಟ್ ತೆರೆದು, ಅಲ್ಲಿ ಬಂದ ಸಂಖ್ಯೆಯನ್ನು ರೂಟರ್‌ನ ಸ್ಟೇಟಸ್ ಪುಟದಲ್ಲಿರುವ ವ್ಯಾನ್-2 ಐಪಿ ಜೊತೆ ಹೋಲಿಸಿ. ಎರಡೂ ಒಂದೇ ಆದರೆ ನಿಮಗೆ ಪಬ್ಲಿಕ್ ಐಪಿ (ಹೊರಗಿನವರು ನೇರ ಮುಟ್ಟಬಹುದಾದ ವಿಳಾಸ) ಇದೆ. ಬೇರೆ ಬೇರೆ ಆದರೆ ನಡುವೆ ಇನ್ನೊಂದು ನ್ಯಾಟ್ (ಹಲವರನ್ನು ಒಂದೇ ಐಪಿ ಹಿಂದೆ ಕೂರಿಸುವ ವ್ಯವಸ್ಥೆ) ಕೂತಿದೆ. ಅದು ಎಲ್ಲಿದೆ ಅಂತ ರೂಟರ್ ಪುಟದ ಸಂಖ್ಯೆಯೇ ಹೇಳುತ್ತದೆ. 192.168 ಅಂತ ಶುರುವಾದರೆ ಸಾಮಾನ್ಯವಾಗಿ ನಿಮ್ಮದೇ ಮೋಡೆಮ್ ರೂಟರ್ ಥರ ಕೆಲಸ ಮಾಡುತ್ತಿದೆ, ಅದನ್ನು ಬ್ರಿಜ್ ಮೋಡ್‌ಗೆ (ಐಪಿಯನ್ನು ನೇರ ನಿಮ್ಮ ರೂಟರ್‌ಗೇ ದಾಟಿಸುವ ವಿಧಾನ) ಹಾಕಿಸಿ. 100.64ರಿಂದ 100.127ರ ಒಳಗಿದ್ದರೆ ಅದು ಸಿಜಿ-ನ್ಯಾಟ್. ಐಪಿವಿ4 (ಹಳೆಯ ಮಾದರಿಯ ಐಪಿ) ವಿಳಾಸ ಸಾಲದೆ ಹೋದಾಗ ಕಂಪನಿಗಳು ಹಲವು ಗ್ರಾಹಕರನ್ನು ಒಂದೇ ಐಪಿ ಹಿಂದೆ ಕೂರಿಸಲಿ ಅಂತ 2012ರಲ್ಲಿ ಈ ವಿಳಾಸಗಳನ್ನು ಬೇರೆ ಎತ್ತಿಟ್ಟರು. 10 ಅಥವಾ 172.16ರಿಂದ 172.31 ಬಂದರೂ ಹೆಚ್ಚಾಗಿ ಅದೇ ಕಥೆ.

ಸಿಜಿ-ನ್ಯಾಟ್ ಅಂತ ಗೊತ್ತಾದ ಕೂಡಲೇ ರೂಟರ್ ಬಿಟ್ಟು ಏಳಿ. ನಿಮ್ಮ ಕಡೆ ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಸರ್ವರ್‌ಗೆ ದಾಟಿಸುವ ನಿಯಮ) ಬರೆದರೂ ಹೊರಗಿನ ಪ್ಯಾಕೆಟ್ ಅಲ್ಲಿವರೆಗೆ ಬರುವುದೇ ಇಲ್ಲ. ಕಂಪನಿಯವರಿಗೆ ‘ಸ್ಟಾಟಿಕ್ ಪಬ್ಲಿಕ್ ಐಪಿ ಬೇಕು’ ಅಂತ ಕೇಳಿ, ಸಾಮಾನ್ಯವಾಗಿ ಇದಕ್ಕೆ ಬೇರೆ ದುಡ್ಡು ಕೊಡಬೇಕು. ಎರಡನೇ ಲೈನ್ ಅಂತ 4ಜಿ, 5ಜಿ ಸಿಮ್ ಹಾಕಿದವರು ಇದನ್ನು ಮೊದಲೇ ತಿಳಿದಿರಬೇಕು. ಮಾಮೂಲಿ ಸಿಮ್‌ಗೆ ಹೊರಗಿನಿಂದ ಬರುವ ಐಪಿವಿ4 ಸಂಪರ್ಕ ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಐಪಿ ಸರಿ ಇದೆ, ಆದರೂ ಬರುತ್ತಿಲ್ಲ ಅಂದರೆ ಕೌಂಟರ್ ನೋಡಿ. ರೂಟರ್‌ನ ಪೋರ್ಟ್ ಫಾರ್ವರ್ಡ್ ನಿಯಮದ ಪಕ್ಕ ಎಷ್ಟು ಪ್ಯಾಕೆಟ್ ಹಾದುಹೋಯಿತು ಅನ್ನೋ ಸಂಖ್ಯೆ ಇರುತ್ತದೆ. ಮೊಬೈಲ್ ಡೇಟಾದಿಂದ ತೆರೆಯುತ್ತಾ ಅದನ್ನು ಗಮನಿಸಿ. ಸಂಖ್ಯೆ ಏರದಿದ್ದರೆ ಪ್ಯಾಕೆಟ್ ಬರುತ್ತಿಲ್ಲ, ಅಥವಾ ನಿಯಮವನ್ನು ವ್ಯಾನ್-1ಕ್ಕೆ ಮಾತ್ರ ಬರೆದಿದ್ದೀರಿ. ನಿಯಮ ಸರಿ ಇದ್ದರೆ ಬೇರೆ ಪೋರ್ಟ್, ಉದಾಹರಣೆಗೆ 8443, ಹಾಕಿ ನೋಡಿ. ಅದು ಬಂದು 80, 443 (ವೆಬ್ ಪುಟದ ಮಾಮೂಲಿ ಪೋರ್ಟ್‌ಗಳು) ಬರದಿದ್ದರೆ ಆ ಪೋರ್ಟ್‌ಗಳನ್ನು ಕಂಪನಿ ತಡೆದಿದೆ. ಮನೆ ಪ್ಲಾನ್‌ಗಳಲ್ಲಿ ಇದು ಹೊಸದೇನಲ್ಲ. ಸಂಖ್ಯೆ ಏರುತ್ತಿದ್ದೂ ಪುಟ ತೆರೆಯದಿದ್ದರೆ ಪ್ಯಾಕೆಟ್ ಬರುತ್ತಿದೆ, ಉತ್ತರ ಹೋಗುತ್ತಿಲ್ಲ. ಅದಕ್ಕೆ ‘ಒಂದೊಂದು ಸಲ ತೆರೆಯುತ್ತೆ’ ಅನ್ನೋ ಭಾಗ ನೋಡಿ.

‘ಮೊಬೈಲಲ್ಲಿ ತೆರೆಯುತ್ತೆ, ಆಫೀಸಲ್ಲಿ ತೆರೆಯಲ್ಲ’

ಒಳಗೆ ಕೂತವರು ಹೊರಗಿನ ಹೆಸರಿನಿಂದ ಸರ್ವರ್ ಕರೆದಾಗ ಪ್ಯಾಕೆಟ್ ರೂಟರ್‌ವರೆಗೆ ಹೋಗಿ ಮತ್ತೆ ಒಳಗೇ ತಿರುಗಬೇಕು. ಇದಕ್ಕೆ ಹೇರ್‌ಪಿನ್ ನ್ಯಾಟ್ ಅಂತಾರೆ. ಅದು ಇಲ್ಲದಿದ್ದರೆ ರೂಟರ್‌ನ ಲಾಗಿನ್ ಪುಟ ಬರುತ್ತದೆ ಅಥವಾ ಏನೂ ಬರುವುದಿಲ್ಲ. ನಿಮ್ಮ ಇನ್‌ಬೌಂಡ್ ಜೋಡಣೆಯಲ್ಲಿ ದೋಷ ಇಲ್ಲ. ಆಫೀಸಿನ ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಸರ್ವರ್‌ನ ಒಳ ಐಪಿ ಬರೆದುಬಿಡಿ, ಮುಗಿಯಿತು.

‘ಒಂದೊಂದು ಸಲ ತೆರೆಯುತ್ತೆ, ಒಂದೊಂದು ಸಲ ಇಲ್ಲ’

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದು. ಜನ ಸರ್ವರ್ ಮೇಲೆ ಅನುಮಾನ ಪಡುತ್ತಾರೆ, ರೀಸ್ಟಾರ್ಟ್ ಮಾಡುತ್ತಾರೆ, ಆಗ ಒಮ್ಮೆ ತೆರೆಯುತ್ತದೆ, ಸರಿ ಹೋಯಿತು ಅಂದುಕೊಳ್ಳುತ್ತಾರೆ. ಸಂಜೆ ಮತ್ತೆ ಅದೇ ಫೋನ್.

ಹೀಗೆ ಪರೀಕ್ಷಿಸಿ. ಎರಡೂ ಲೈನ್ ಚಾಲೂ ಇಟ್ಟು ಹೊರಗಿನಿಂದ ಎರಡು ಐಪಿಗಳನ್ನೂ ಬೇರೆ ಬೇರೆಯಾಗಿ ತೆರೆಯಿರಿ. ಹೆಸರು ಬಳಸಬೇಡಿ, ಐಪಿಯನ್ನೇ ಹೊಡೆಯಿರಿ. ಎಚ್‌ಟಿಟಿಪಿಎಸ್ ಆದರೆ ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತದೆ. ಎಚ್ಚರಿಕೆ ಬಂತು ಅಂದರೆ ಸಂಪರ್ಕ ಆಯಿತು ಅಂತಲೇ ಅರ್ಥ. ವ್ಯಾನ್-1 ತೆರೆದು ವ್ಯಾನ್-2 ತೆರೆಯದಿದ್ದರೆ ಈಗ ವ್ಯಾನ್-1ರ ಕೇಬಲ್ ತೆಗೆದು ಮತ್ತೆ ವ್ಯಾನ್-2 ನೋಡಿ. ಆಗ ತೆರೆದರೆ ರೋಗ ಸಿಕ್ಕಿತು: ವ್ಯಾನ್-2ರಿಂದ ಬಂದವರಿಗೆ ಉತ್ತರ ವ್ಯಾನ್-1ರಿಂದ ಹೋಗುತ್ತಿದೆ.

ನೀವು ಒಂದು ನಂಬರಿಗೆ ಫೋನ್ ಹಚ್ಚಿ ಕಾಯುತ್ತಿದ್ದೀರಿ, ಉತ್ತರ ಇನ್ಯಾವುದೋ ಗೊತ್ತಿಲ್ಲದ ನಂಬರಿನಿಂದ ಬಂತು ಅಂದರೆ ಎತ್ತುತ್ತೀರಾ? ಬೆಳೆಗಾರರ ಮೊಬೈಲ್ ಕೂಡ ಎತ್ತುವುದಿಲ್ಲ. ಅದು 198.51.100.20ರಿಂದ ಉತ್ತರ ಕಾಯುತ್ತಿರುತ್ತದೆ. ಇನ್ನು ಎಷ್ಟೋ ಕಂಪನಿಗಳು ತಮ್ಮದಲ್ಲದ ಐಪಿ ಹೊತ್ತ ಪ್ಯಾಕೆಟ್ ತಮ್ಮ ಲೈನಿಗೆ ಬಂದರೆ ಅಲ್ಲೇ ಬಿಸಾಡುತ್ತವೆ. ಹಾಗೆ ಮಾಡಬೇಕು ಅನ್ನೋ ಸಲಹೆ 2000ದಿಂದಲೂ ಇದೆ, ನಕಲಿ ಐಪಿಯ ದಾಳಿ ತಡೆಯಲು ಅದು ಬೇಕು. ಹಾಗಾಗಿ ಕಂಪನಿ ಜೊತೆ ಜಗಳ ಆಡುವ ಹಾಗಿಲ್ಲ, ಸರಿಪಡಿಸಬೇಕಾದವರು ನಾವೇ.

ಮೈಕ್ರೋಟಿಕ್‌ನಲ್ಲಿ ಮ್ಯಾಂಗಲ್‌ಗೆ (ಪ್ಯಾಕೆಟ್‌ಗಳಿಗೆ ಗುರುತು ಹಾಕುವ ಜಾಗ) ಹೋಗಿ. ವ್ಯಾನ್-2ರಿಂದ ಒಳಗೆ ಬರುವ ಹೊಸ ಸಂಪರ್ಕಕ್ಕೆ ಒಂದು ಕನೆಕ್ಷನ್ ಮಾರ್ಕ್ ಹಾಕಿ. ಲ್ಯಾನ್ ಕಡೆಯಿಂದ ಉತ್ತರ ಬಂದಾಗ ಆ ಮಾರ್ಕ್ ನೋಡಿ ವ್ಯಾನ್-2ರ ರೂಟಿಂಗ್ ಮಾರ್ಕ್ ಕೊಡಿ. ವ್ಯಾನ್-1ಕ್ಕೂ ಹಾಗೆಯೇ. ರೂಟರ್ ತಾನೇ ಡಿಎನ್‌ಎಸ್ ಉತ್ತರ ಕೊಡುತ್ತಿದ್ದರೆ ಔಟ್‌ಪುಟ್ ಚೈನ್‌ನಲ್ಲೂ (ರೂಟರ್ ತಾನೇ ಕಳಿಸುವ ಪ್ಯಾಕೆಟ್‌ಗಳ ನಿಯಮಪಟ್ಟಿ) ಇದೇ ನಿಯಮ ಬೇಕು. ಇದನ್ನು ಮರೆಯುವವರೇ ಜಾಸ್ತಿ, ಪಾಠ ಹೇಳುವ ವಿಡಿಯೋಗಳಲ್ಲೂ ಇದು ಎಷ್ಟೋ ಸಲ ಇರುವುದಿಲ್ಲ. ಎಲ್ಲ ಬರೆದೂ ಕೆಲಸ ಆಗದಿದ್ದರೆ ಫಾಸ್ಟ್‌ಟ್ರ್ಯಾಕ್ (ವೇಗಕ್ಕಾಗಿ ಪ್ಯಾಕೆಟ್‌ಗಳನ್ನು ಒಳದಾರಿಯಲ್ಲಿ ದಾಟಿಸುವ) ನಿಯಮ ನೋಡಿ. ಫಾಸ್ಟ್‌ಟ್ರ್ಯಾಕ್ ಆದ ಪ್ಯಾಕೆಟ್ ಮ್ಯಾಂಗಲ್‌ಗೆ ಹೋಗುವುದೇ ಇಲ್ಲ, ನಿಮ್ಮ ಮಾರ್ಕ್ ವ್ಯರ್ಥ. ಮಾರ್ಕ್ ಇಲ್ಲದ ಸಂಪರ್ಕಗಳಿಗೆ ಮಾತ್ರ ಫಾಸ್ಟ್‌ಟ್ರ್ಯಾಕ್ ಬಿಡಿ.

ಪಿಎಫ್‌ಸೆನ್ಸ್‌ನಲ್ಲಿ ಇದು ಸುಲಭ, ಆದರೆ ಒಂದು ಶರತ್ತು ಇದೆ. ಫೈರ್‌ವಾಲ್ ನಿಯಮ ಆಯಾ ವ್ಯಾನ್‌ನ ಟ್ಯಾಬ್‌ನಲ್ಲೇ ಇರಬೇಕು. ಫ್ಲೋಟಿಂಗ್ ಟ್ಯಾಬ್‌ನಲ್ಲೋ ಇಂಟರ್‌ಫೇಸ್ ಗ್ರೂಪ್‌ನಲ್ಲೋ ಬರೆದರೆ ‘ರಿಪ್ಲೈ-ಟು’ (ಬಂದ ಲೈನಿನಲ್ಲೇ ಉತ್ತರ ಕಳಿಸು ಅನ್ನೋ ಸೂಚನೆ) ಸೇರುವುದಿಲ್ಲ, ಉತ್ತರ ಡೀಫಾಲ್ಟ್ ಗೇಟ್‌ವೇಗೆ ಹೋಗುತ್ತದೆ. ಲಿನಕ್ಸ್ ಪೆಟ್ಟಿಗೆಯನ್ನೇ ರೂಟರ್ ಮಾಡಿಕೊಂಡವರು ಆರ್‌ಪಿ-ಫಿಲ್ಟರ್ (ಪ್ಯಾಕೆಟ್ ಸರಿಯಾದ ದಾರಿಯಲ್ಲಿ ಬಂತಾ ಅಂತ ನೋಡುವ ಸೆಟ್ಟಿಂಗ್) 1 ಇದ್ದರೆ 2 ಮಾಡಿ. 1 ಅಂದರೆ ಕಟ್ಟುನಿಟ್ಟು. ಡೀಫಾಲ್ಟ್ ದಾರಿಯಲ್ಲಿ ಬರದ ಪ್ಯಾಕೆಟ್ಟನ್ನು ಅದು ಸದ್ದಿಲ್ಲದೆ ಎಸೆಯುತ್ತದೆ.

ಕೆಲವರು ಇಷ್ಟೆಲ್ಲ ಯಾಕೆ ಅಂತ ವ್ಯಾನ್-2ರಿಂದ ಬಂದದ್ದಕ್ಕೆಲ್ಲ ಒಳಗಡೆ ಮಾಸ್ಕರೇಡ್ (ಬಂದವರ ಐಪಿ ಮುಚ್ಚಿ ರೂಟರ್ ಐಪಿ ತೋರಿಸುವುದು) ಹಾಕುತ್ತಾರೆ. ಅದರಿಂದ ಉತ್ತರದ ದಾರಿ ಸರಿ ಹೋಗುವುದಿಲ್ಲ. ಸರ್ವರ್ ಲಾಗ್‌ನಲ್ಲಿ ಮಾತ್ರ ಎಲ್ಲರೂ ರೂಟರ್ ಐಪಿಯಿಂದಲೇ ಬಂದಂತೆ ಕಾಣುತ್ತದೆ. ನಾಳೆ ಯಾರೋ ಪಾಸ್‌ವರ್ಡ್ ಒಡೆಯಲು ನೋಡಿದರೆ ಎಲ್ಲಿಂದ ಅಂತ ಹುಡುಕಲು ಆಗುವುದಿಲ್ಲ. ಬೇಡ.

‘ಲಾಗಿನ್ ಪುಟ ಬರುತ್ತೆ, ಮುಂದೆ ಸುತ್ತುತ್ತಲೇ ಇರುತ್ತೆ’

ಸಣ್ಣ ಪುಟ ಬಂದು ದೊಡ್ಡ ಪಟ್ಟಿ, ಪಿಡಿಎಫ್ ಬಾರದಿದ್ದರೆ, ಅದೂ ಒಂದೇ ಲೈನಿನಲ್ಲಿ ಆದರೆ, ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ಮೇಲೆ ಕಣ್ಣಿಡಿ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಿನಲ್ಲಿ ಪ್ಯಾಕೆಟ್ ಸಾಮಾನ್ಯವಾಗಿ 1500ರ ಬದಲು 1492 ಬೈಟ್ ಮಾತ್ರ ಹಿಡಿಸುತ್ತದೆ. ಆ ಲೈನ್ ಮೂಲಕ ‘ಒಡೆಯಬೇಡ’ ಅನ್ನೋ ಗುರುತಿನ ಜೊತೆ 1464 ಬೈಟ್ ಪಿಂಗ್ ಹೋಗಿ 1472 ಹೋಗದಿದ್ದರೆ ಖಾತ್ರಿ. ರೂಟರ್‌ನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಡೇಟಾದ ಮಿತಿ) ಅನ್ನು 1452ಕ್ಕೆ ಇಳಿಸಿ. ಹೊರಗಿನಿಂದ ಬರುವ ಸಂಪರ್ಕದಲ್ಲಿ ಮೊದಲ ಪ್ಯಾಕೆಟ್ ಹೊರಗಿನದು, ಸರ್ವರ್ ಎಷ್ಟು ದೊಡ್ಡ ಪ್ಯಾಕೆಟ್ ಕಳಿಸಬಹುದು ಅಂತ ಹೇಳುವುದು ಅದೇ. ಹಾಗಾಗಿ ಹೋಗುವ ದಿಕ್ಕಿಗಷ್ಟೇ ನಿಯಮ ಬರೆದರೆ ಅರ್ಧ ಕೆಲಸ. ಎರಡೂ ದಿಕ್ಕಿಗೆ ಬರೆಯಿರಿ.

‘ಎಲ್ಲರೂ ಒಂದೇ ಲೈನಿಗೆ ನುಗ್ತಾರೆ’

ಎರಡೂ ಐಪಿ ಸರಿಯಾಗಿ ತೆರೆಯುತ್ತವೆ, ಆದರೆ ಗ್ರಾಫ್‌ನಲ್ಲಿ ವ್ಯಾನ್-1 ಬೆಟ್ಟ, ವ್ಯಾನ್-2 ಬಯಲು. ಕಂಪ್ಯೂಟರ್‌ನಲ್ಲಿ ಎನ್‌ಎಸ್‌ಲುಕಪ್ ಕಮಾಂಡ್ ಕೊಟ್ಟು ನಿಮ್ಮ ಹೆಸರನ್ನು ಕೇಳಿ. ಒಂದೇ ಐಪಿ ಬಂದರೆ ಎರಡನೇ ‘ಎ’ ರೆಕಾರ್ಡ್ (ಹೆಸರಿಗೆ ಐಪಿ ಹೇಳುವ ಡಿಎನ್‌ಎಸ್ ಸಾಲು) ಹಾಕಿಲ್ಲ, ಇಲ್ಲವೇ ರೂಟರ್‌ನ ಹೆಲ್ತ್ ಚೆಕ್ (ಲೈನ್ ಬದುಕಿದೆಯಾ ಅನ್ನೋ ಪರೀಕ್ಷೆ) ಆ ಲೈನ್ ಸತ್ತಿದೆ ಅಂತ ತಪ್ಪಾಗಿ ತಿಳಿದು ತೆಗೆದಿದೆ. ಎರಡೂ ಬಂದರೆ ದೋಷ ಏನೂ ಇಲ್ಲ, ನಿರೀಕ್ಷೆ ಜಾಸ್ತಿ ಆಗಿದೆ ಅಷ್ಟೇ. ಡಿಎನ್‌ಎಸ್ ಹಂಚುವುದು ಕೇಳುವವರನ್ನು, ಎಂಬಿಗಳನ್ನಲ್ಲ. ಒಂದು ಮೊಬೈಲ್ ಕಂಪನಿಯ ಡಿಎನ್‌ಎಸ್ ಒಮ್ಮೆ ಕೇಳಿ ನೆನಪಿಟ್ಟುಕೊಂಡ ಉತ್ತರವನ್ನೇ ಆ ಹೊತ್ತಿಗೆ ಕೇಳಿದ ಎಲ್ಲ ಗ್ರಾಹಕರಿಗೂ ಕೊಡಬಹುದು. ಬೆಳಗ್ಗೆ ಹತ್ತಿಪ್ಪತ್ತು ಜನ ನೋಡುವ ಸರ್ವರ್‌ನಲ್ಲಿ ಅರ್ಧಕ್ಕರ್ಧ ಹಂಚಿಕೆ ಆಗುವುದೇ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಹೊರಗಿನವರು ನಿಮ್ಮಿಂದ ಇಳಿಸಿಕೊಳ್ಳುವುದು ನಿಮ್ಮ ಅಪ್‌ಲೋಡ್ ವೇಗದಲ್ಲಿ. 200 ಎಂಬಿಪಿಎಸ್ ಅಂತ ಜಾಹೀರಾತು ಇರುವ ಲೈನಿನ ಅಪ್‌ಲೋಡ್ 20 ಇದ್ದರೆ ನಿಮ್ಮ ಲೆಕ್ಕಕ್ಕೆ ಅದು 20ರ ಲೈನ್. ಯಾವ ಲೈನಿಗೆ ಎಷ್ಟು ಪಾಲು ಅಂತ ಹಂಚುವ ಸೌಲಭ್ಯ ರೂಟರ್‌ನಲ್ಲಿದ್ದರೆ ಅಪ್‌ಲೋಡ್ ಅಂಕಿ ನೋಡಿಯೇ ಹಂಚಿ.

ಕೆಲವು ಮೊಬೈಲ್‌ಗಳಲ್ಲಿ ಮಾತ್ರ ತೆರೆಯುವುದು ತಡವಾಗುತ್ತಿದ್ದರೆ ಹಳೆಯ ‘ಎಎಎಎ’ ರೆಕಾರ್ಡ್ (ಐಪಿವಿ6, ಅಂದರೆ ಹೊಸ ಮಾದರಿಯ ಐಪಿ ಹೇಳುವುದು) ಉಳಿದಿದೆಯಾ ನೋಡಿ. ಐಪಿವಿ6 ಇರುವ ಫೋನ್ ಮೊದಲು ಅದನ್ನೇ ಯತ್ನಿಸುತ್ತದೆ. ಸರ್ವರ್‌ಗೆ ಐಪಿವಿ6 ಇಲ್ಲದಿದ್ದರೆ ಆ ರೆಕಾರ್ಡ್ ಅಳಿಸಿ.

‘ಒಂದು ಲೈನ್ ಬಿದ್ದರೆ ಅರ್ಧ ಜನಕ್ಕೆ ಸಿಗಲ್ಲ’

ರೂಟರ್ ಹೆಲ್ತ್ ಚೆಕ್‌ಗೆ ಯಾವ ಐಪಿಯನ್ನು ಪಿಂಗ್ ಮಾಡುತ್ತಿದೆ? ಮೋಡೆಮ್‌ನ 192.168.1.1 ಆಗಿದ್ದರೆ ಆಚೆ ಕಂಬ ಉರುಳಿದ್ದರೂ ‘ಲೈನ್ ಚೆನ್ನಾಗಿದೆ’ ಅಂತಲೇ ಹೇಳುತ್ತದೆ, ಮೋಡೆಮ್ ಬದುಕಿದೆಯಲ್ಲ! 8.8.8.8, 1.1.1.1ರಂಥ ಹೊರಗಿನ ಎರಡು ವಿಳಾಸ ಕೊಡಿ. ಎರಡೂ ಸಿಗದಾಗ ಮಾತ್ರ ಲೈನ್ ಸತ್ತಿದೆ ಅಂತ ಎಣಿಸಲಿ. ವ್ಯಾನ್-1ರ ಪಿಂಗ್ ವ್ಯಾನ್-1ರಿಂದಲೇ ಹೋಗುವ ಹಾಗೆ ಕಟ್ಟಿಹಾಕಿ.

ಆಮೇಲೆ ಟಿಟಿಎಲ್, ಅಂದರೆ ಡಿಎನ್‌ಎಸ್ ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಡಬಹುದು ಅನ್ನೋ ಅಂಕಿ. ಅದು 86400 ಇದ್ದರೆ ಹಳೆಯ ಉತ್ತರ ಒಂದು ದಿನ ಪೂರ್ತಿ ಜನರ ಬಳಿ ಉಳಿಯುತ್ತದೆ. 60 ಸೆಕೆಂಡ್‌ಗೆ ಇಳಿಸಿ. ಅದನ್ನೂ ಮೀರಿ ಇಟ್ಟುಕೊಳ್ಳುವ ಡಿಎನ್‌ಎಸ್‌ಗಳಿವೆ, ಅದಕ್ಕೆ ಮದ್ದಿಲ್ಲ. ರೂಟರ್ ತಾನೇ ಡಿಎನ್‌ಎಸ್ ಸರ್ವರ್ ಆಗಿದ್ದರೆ ನೇಮ್‌ಸರ್ವರ್ ಹೆಸರು ಎರಡು ಇರಬೇಕು, ಒಂದು ವ್ಯಾನ್-1ರ ಐಪಿಗೆ, ಇನ್ನೊಂದು ವ್ಯಾನ್-2ರ ಐಪಿಗೆ. ಎರಡನ್ನೂ ಡೊಮೇನ್ ಕೊಂಡ ಕಡೆ ನೋಂದಾಯಿಸಿರಬೇಕು. ಪೋರ್ಟ್ 53 ಯುಡಿಪಿ, ಟಿಸಿಪಿ ಎರಡೂ ತೆರೆದಿರಲಿ. ಆದರೆ ರಿಕರ್ಷನ್ (ನಿಮ್ಮದಲ್ಲದ ಹೆಸರುಗಳನ್ನೂ ಹುಡುಕಿ ಕೊಡುವುದು) ಮುಚ್ಚಿ. ಇಲ್ಲದಿದ್ದರೆ ನಿಮ್ಮ ರೂಟರ್ ಊರವರಿಗೆಲ್ಲ ಡಿಎನ್‌ಎಸ್ ಉತ್ತರ ಕೊಡುತ್ತಾ ಬೇರೆಯವರ ಮೇಲಿನ ದಾಳಿಗೆ ಬಳಕೆಯಾಗುತ್ತದೆ.

ಎರಡೂ ಲೈನ್ ಒಟ್ಟಿಗೆ ಬೀಳುತ್ತವೆ ಅನ್ನುವವರು ರೂಟರ್ ಬಿಟ್ಟು ಹೊರಗೆ ಬನ್ನಿ. ಆಫೀಸಿನಿಂದ ರಸ್ತೆವರೆಗೆ ಕೇಬಲ್ ಹಿಡಿದು ನಡೆಯಿರಿ. ಎರಡು ಕಂಪನಿ, ಎರಡು ಬಿಲ್ಲು, ಆದರೆ ಕಂಬ ಒಂದೇ ಆಗಿರುವುದು ನಮ್ಮ ಕಡೆ ತೀರಾ ಮಾಮೂಲು. ಒಂದು ಸಿಲ್ವರ್ ಮರ ಬಿದ್ದರೆ ಎರಡೂ ಹೋಗುತ್ತವೆ. ಸಕಲೇಶಪುರ, ಮೂಡಿಗೆರೆ ಕಡೆ ಎರಡನೇ ಲೈನ್ ಕೊಳ್ಳುವಾಗ ವೇಗ ಕೇಳುವುದಕ್ಕಿಂತ ಮುಂಚೆ ‘ಕೇಬಲ್ ಯಾವ ದಾರೀಲಿ ಬರುತ್ತೆ’ ಅಂತ ಕೇಳಿ. ಎರಡೂ ಮೋಡೆಮ್ ಯುಪಿಎಸ್ ಮೇಲೆ ಇವೆಯಾ ಅಂತಲೂ ನೋಡಿ. ರೂಟರ್‌ಗೆ ಮಾತ್ರ ಯುಪಿಎಸ್ ಕೊಟ್ಟು ಮೋಡೆಮ್‌ಗಳನ್ನು ಗೋಡೆಗೆ ಚುಚ್ಚಿರುವುದು ಅಪರೂಪವೇನಲ್ಲ.

ಎಲ್ಲಿ ನಿಲ್ಲಿಸಬೇಕು

ಸಿಜಿ-ನ್ಯಾಟ್, ತಡೆದ ಪೋರ್ಟ್, ಕೆಂಪು ‘ಲಾಸ್’ ದೀಪ, ಇವು ಮೂರೂ ಕಂಪನಿಯ ಕೆಲಸ. ‘ಎಲ್ಲ ಪೋರ್ಟ್ ತೆರೆದು ನೋಡೋಣ’ ಅನ್ನೋ ಹಂತಕ್ಕೆ ಬಂದಿದ್ದರೂ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಯಿರಿ. ರಿಮೋಟ್ ಡೆಸ್ಕ್‌ಟಾಪ್‌ನ 3389, ಸಿಸಿಟಿವಿ ಡಿವಿಆರ್ ಪೋರ್ಟ್, ರೂಟರ್‌ನ ಅಡ್ಮಿನ್ ಪುಟ, ಇವನ್ನು ಪರೀಕ್ಷೆಗೆ ಅಂತಲೂ ಹೊರಗೆ ತೆರೆಯಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ, ಕೊಯ್ಲಿನ ಹೊತ್ತಲ್ಲಿ, ಒಂದು ಲೈನ್ ಸರಿಯಾಗಿ ಓಡುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ. ಮಾರ್ಚ್‌ನಲ್ಲಿ ಕೂತು ಮಾಡಿ.

ಪಬ್ಲಿಕ್ ಐಪಿ ಸಿಗುವುದೇ ಇಲ್ಲ ಅಂದರೆ ಈ ದಾರಿಯನ್ನೇ ಬಿಡುವುದು ಜಾಣತನ. ಸ್ಥಿರ ಐಪಿ ಇರುವ ಚಿಕ್ಕ ಸರ್ವರ್ ಒಂದನ್ನು ಬಾಡಿಗೆಗೆ ಹಿಡಿದು, ಎರಡೂ ಲೈನಿನಿಂದ ಅದಕ್ಕೆ ವೈರ್‌ಗಾರ್ಡ್ (ಒಂದು ವಿಪಿಎನ್) ಟನಲ್ ಎಳೆಯಿರಿ. ಟನಲ್ ಒಳಗಿನಿಂದ ಹೊರಗೆ ಹೋಗುವುದರಿಂದ ಸಿಜಿ-ನ್ಯಾಟ್ ಅಡ್ಡ ಬರುವುದಿಲ್ಲ, ಸಿಮ್ ಲೈನ್ ಕೂಡ ಉಪಯೋಗಕ್ಕೆ ಬರುತ್ತದೆ. ಸಂಪರ್ಕ ಜೀವಂತ ಇರಲು ಕೀಪ್-ಅಲೈವ್ 25 ಸೆಕೆಂಡ್ ಇಡಿ. ಹೋಮ್‌ಸ್ಟೇ ನಡೆಸುವವರಿಗಂತೂ ನನ್ನ ಸಲಹೆ ಇನ್ನೂ ಸರಳ: ಬುಕಿಂಗ್ ಪುಟವನ್ನು ಹೋಸ್ಟಿಂಗ್‌ನಲ್ಲಿ ಇಡಿ. ರೂಮು ಕೇಳುವವರು ನಿಮ್ಮ ತೋಟದ ಮನೆಯ ರೂಟರ್‌ವರೆಗೆ ಬರಬೇಕಾದ ಅಗತ್ಯವೇ ಇಲ್ಲ.

ಕಂಪನಿಗೆ ದೂರು ಕೊಡುವಾಗ ‘ನೆಟ್ ಬರ್ತಿಲ್ಲ ಸಾರ್’ ಅಂದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಅಲ್ವಾ? ಹೀಗೆ ಹೇಳಿ: ‘ನಮ್ಮ ಸ್ಟಾಟಿಕ್ ಐಪಿ 198.51.100.20. ಹೊರಗಿನಿಂದ ಟಿಸಿಪಿ 443 ಬರ್ತಿಲ್ಲ, 8443 ಬರ್ತಿದೆ. ಇವತ್ತು ಬೆಳಗ್ಗೆ 10 ಗಂಟೆಗೆ ನೋಡಿದಾಗ ನಮ್ಮ ರೂಟರ್‌ನ 443ರ ಕೌಂಟರ್‌ನಲ್ಲಿ ಒಂದು ಪ್ಯಾಕೆಟ್ಟೂ ಇಲ್ಲ. ಹೊರಹೋಗುವ ಸಂಪರ್ಕ ಚೆನ್ನಾಗಿದೆ.’ ದೂರಿನ ನಂಬರ್ ತೆಗೆದುಕೊಳ್ಳಿ, ಕೌಂಟರ್‌ನ ಸ್ಕ್ರೀನ್‌ಶಾಟ್ ಕಳಿಸಿ. ಮೊದಲು ಫೋನ್ ಎತ್ತಿದವರಿಗೆ ಇದು ಅರ್ಥ ಆಗದಿದ್ದರೆ ‘ನೆಟ್‌ವರ್ಕ್ ಟೀಮ್‌ಗೆ ಹಾಕಿ’ ಅಂತ ಕೇಳಿ.